ಪಾಳಿಯ ಹತ್ತಿ

ಜನವರಿ 6, ಸೋಮವಾರ

ರಾತ್ರಿ ಎರಡೂ ಇಪ್ಪತ್ತು. ಲಾರಿ ಹಿಂದಕ್ಕೆ ಸರಿಯುವಾಗ ಪೀಪಿ ಊದಿದಂತೆ ಒಂದು ಹಾಡು ಬರುತ್ತದಲ್ಲ, ಅದಕ್ಕೆ ಎಚ್ಚರವಾಯಿತು. ಸಾಯಿಮಾ ಹಾಲು ಕುಡಿದು ಆಗಷ್ಟೇ ಕಣ್ಣು ಮುಚ್ಚಿದ್ದಳು. ಅವಳೂ ಎದ್ದಳು. ಮೂರು ತಿಂಗಳ ಕೂಸಿನ ನಿದ್ದೆ ಬೀದಿ ಬೆಕ್ಕಿನಂಥದ್ದು. ಎಷ್ಟು ಕರೆದರೂ ಹತ್ತಿರ ಬರುವುದಿಲ್ಲ, ಹೋಗುವಾಗ ಮಾತ್ರ ಒಂದೇ ಜಿಗಿತ.

ಕಿಟಕಿಯಿಂದ ನೋಡಿದೆ. ಅಂಗಳದಲ್ಲಿ ನನ್ನ ಗಂಡ ಮೊಹಸಿನ ಟಾರ್ಚ್ ಹಿಡಿದು ನಿಂತಿದ್ದರು. ಹಮಾಲರು ಹತ್ತಿಯ ಅಂಡಿಗಿ ಇಳಿಸುತ್ತಿದ್ದರು. ಒಂದೊಂದು ಚೀಲವೂ ಬಸುರಿ ಎಮ್ಮೆಯಷ್ಟಿತ್ತು. ಒಳಗೆ ಬಂದಾಗ ಇವರ ಮೀಸೆಯ ತುಂಬ ಬಿಳಿ ಎಳೆಗಳು.

"ಇಷ್ಟ್ ಹತ್ತಿ ಯಾತಕ್ಕರಿ? ನಾವು ಮಾರೂದು ಫೋಮ್ ಗಾದಿ."

"ಇಡಾಕ."

"ಇಟ್ಟು?"

"ಇಡೂದ ಕೆಲಸ, ಕೈನಾತ. ಮಲ್ಕೋ."

ಮಲಗಲಿಲ್ಲ. ತೆರಿಗೆ ಲೆಕ್ಕದವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಸಿಕ್ಕಿತು, ಬರೆಯುತ್ತಿದ್ದೇನೆ. ಯಾರೂ ಓದುವುದಿಲ್ಲ, ಇವರಂತೂ ವಾಟ್ಸಾಪಿಗಿಂತ ಉದ್ದದ್ದೇನನ್ನೂ ಓದಿದ್ದು ನಾನು ನೋಡಿಲ್ಲ.

ಆ ಹತ್ತಿ ಲೆಕ್ಕಪ್ರಕಾರ ನನ್ನದು. ಹೋದ ತಿಂಗಳು ನನ್ನ ಹೆಸರಿನಲ್ಲಿ ಒಂದು ಫರ್ಮ್ ಮಾಡಿಸಿದರು, 'ಸಾಯಿಮಾ ಕಾಟನ್'. ಹೆಂಗಸರ ಹೆಸರಿಗೆ ಸಾಲದ ಬಡ್ಡಿ ಕಡಿಮೆಯಂತೆ. ನಮ್ಮ ಲಕ್ಷ್ಮೇಶ್ವರದಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಕಾರ್ಖಾನೆಯ ಜೊತೆ ಕರಾರು: ನೂಲಿನ ಗಿರಣಿಗೆ ನಡೆಯದ ಕಡಿ ಹತ್ತಿ, ಕಲೆ ಹತ್ತಿ, ಗುಡಿಸಿದ ಹತ್ತಿ, ಈ ಹಂಗಾಮಿನದು ಪೂರ್ತಿ ನಮಗೇ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೇ ಸಹಿ ಮಾಡಿದೆ. ಓದಿಯೇ ಮಾಡಿದೆ. ಗದಗಿನಲ್ಲಿ ಬಿ.ಕಾಂ. ಮುಗಿಸಿದವಳು ಓದದೆ ಮಾಡುತ್ತೇನೆಯೇ? ತಪ್ಪೇನೂ ಕಾಣಲಿಲ್ಲ.

ಜನವರಿ 9, ಗುರುವಾರ

ಸಾಯಿಮಾಗೆ ಎರೆಯಲು ದಿನಾ ಬರುವವಳು ಜನ್ನತಬಿ. ಹಿಂದಿನ ಓಣಿಯವಳು, ನಮ್ಮಂತೆಯೇ ನದಾಫರವಳು. ಅವಳ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಅವನೂ ನಮ್ಮ ಮಾವ ಖಾಸಿಂಸಾಬರೂ ಒಂದು ಕಾಲಕ್ಕೆ ಹೆಗಲ ಮೇಲೆ ಬಿಲ್ಲು ಹೊತ್ತು ಶಿಗ್ಲಿ, ಶಿರಹಟ್ಟಿ ಅಂತ ಊರೂರು ತಿರುಗಿ ಹತ್ತಿ ಹಿಂಜಿದವರು. ಈಗ ಅವಳ ಮಗ ಶಾಹಬಾಜನದು ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಹಿಂಜುವ ಮಷೀನಿನ ಪುಟ್ಟ ಅಂಗಡಿ. ಹತ್ತಿ ಗಾದಿ, ದಿಂಬು. ಸೊಸೆ ಗುಲ್ನಾಜ ಗವಸು ಹೊಲಿಯುತ್ತಾಳೆ.

ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಮೊಳಕಾಲ ಮೇಲೆ ಬೋರಲು ಹಾಕಿಕೊಂಡರೆ ಜನ್ನತಬಿಯ ಬಾಯಿಗೆ ಬಿಡುವಿಲ್ಲ.

"ಎಷ್ಟ್ ಒದರ್ತಿ ಲೇ! ನಿನ್ನ ಸಂತ್ಯಾಗ ಬದನಿಕಾಯಿ ಮಾರಾಕ ಕುಂಡ್ರಸಬೇಕು ನೋಡು." ಆಮೇಲೆ ನನಗೆ, "ನೀ ಏನ್ ಪರೀಕ್ಷಾಕ್ಕ ಸೂಪರ್‌ವೈಜರ್ ನಿಂತಂಗ ನಿಂತಿ? ನೀರ್ ಹಾಕು. ಹೆದರಬ್ಯಾಡ, ಕೂಸು ಸಕ್ಕರಿ ಅಲ್ಲ, ಕರಗೂದಿಲ್ಲ."

ಲೋಬಾನದ ಹೊಗೆ ಹಾಕುತ್ತ ಕೇಳಿದಳು, "ಅಂಗಳದಾಗ ಅಂಡಿಗಿ ಬಿದ್ದಾವಲ್ಲಬೇ, ಎಲ್ಲಿವು?"

"ಮುಂಡರಗಿ ಕಡೇವು ಇರಬೇಕ್ರಿ" ಅಂದೆ.

ಯಾಕೆ ಹಾಗಂದೆನೋ. ಬಾಯಿಗೆ ಬಂತು, ಬಂದುಬಿಟ್ಟಿತು.

"ಹಂಗಾರ ಆತು. ನಮ್ಮ ಜಿನ್ನಿಂದು ಅಂದ್ಕೊಂಡಿದ್ದೆ. ಅಲ್ಲಿ ಈಗ ಯಾರ ಪಾಳಿನೋ ಏನೋ, ನಮ್ಮದಂತೂ ತಿಂಗಳ ಕೊನೀಗೆ."

ಪಾಳಿ ಅಂದರೇನು ಅಂತ ಕೇಳಿದ್ದಕ್ಕೆ ನಕ್ಕಳು. ನಾನು ಬೆಟಗೇರಿಯಲ್ಲಿ ಬೆಳೆದವಳು, ನಮ್ಮಪ್ಪ ಗುಮಾಸ್ತ, ನನಗೆ ಇದೆಲ್ಲ ತಿಳಿಯದು. ಊರಿನ ನದಾಫ ಮನೆಗಳು ಜಿನ್ನಿನ ಕಡಿ ಹತ್ತಿಯನ್ನು ಸರದಿಯಲ್ಲಿ ಕೊಳ್ಳುತ್ತವಂತೆ. ಒಂದು ವಾರ ಒಬ್ಬರು. ಮನೆಯಲ್ಲಿ ಮದುವೆಯಿದ್ದವರಿಗೆ ಮೊದಲ ಪಾಳಿ. ಒಬ್ಬರ ಪಾಳಿಯಲ್ಲಿ ಇನ್ನೊಬ್ಬರು ಜಿನ್ನಿನ ಗೇಟಿನ ಕಡೆ ಸುಳಿಯುವುದೂ ಇಲ್ಲ, ನೋಡಿದರೆ ಆಸೆಪಟ್ಟಂತೆ ಆಗುತ್ತದೆ ಅಂತ. ಎಲ್ಲೂ ಬರೆದಿಟ್ಟದ್ದಿಲ್ಲ. ಸರದಿ ಹೇಳುತ್ತಿದ್ದವರು ನಮ್ಮ ಮಾವ.

ರಾತ್ರಿ ಇವರನ್ನು ಕೇಳಿದೆ. ಸಿಟ್ಟಿಗೇಳಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ತಿರುಗಾಡುತ್ತಲೇ ಹೇಳಿದರು.

"ಯಾವ ಕಾಯ್ದೆ ಮುರದೀನಿ, ಹೇಳು. ಬಿಲ್ ಐತಿ, ಜಿಎಸ್‌ಟಿ ಐತಿ, ಕರಾರು ಐತಿ. ಜಿನ್ನಿನ ಹಳೇ ಮಾಲಕ ಹೋದ, ಅವನ ಮಗಗ ಒಬ್ಬನ ಗಿರಾಕಿ ಬೇಕಾಗಿತ್ತು, ನಾ ಆದೆ."

"ಅವರೆಲ್ಲಾ ಏನ್ ಮಾಡಬೇಕ್ರಿ?"

"ಐದ್ ವರ್ಷದಾಗ ಫೋಮ್ ಹೆಂಗೂ ಅವರನ್ನ ಮುಗಸ್ತೈತಿ. ನಾ ಸ್ವಲ್ಪ ಜಲ್ದಿ ಮಾಡಾಕತ್ತೀನಿ. ನಾ ಮಾಡಲಿಲ್ಲಂದ್ರ ಹುಬ್ಬಳ್ಳಿಯಿಂದ ಒಬ್ಬಾಂವ ಬಂದು ಮಾಡ್ತಾನ, ಅಂವಗ ಜನ್ನತಬಿ ಮುಖಾನೂ ಗೊತ್ತಿರೂದಿಲ್ಲ." ಕೂಸಿನ ಬೆನ್ನು ತಟ್ಟಿದರು. "ನಮ್ಮಪ್ಪ ರಾತ್ರಿ ಕೆಮ್ಮೂದು ಕೇಳೀಯಿಲ್ಲ? ಅದು ಹತ್ತಿ ಕೆಮ್ಮು. ನನ್ನ ಮಗಳಿಗೆ ಆ ಧೂಳು ಬ್ಯಾಡ."

ಕೂಸು ಅವರ ಹೆಗಲ ಮೇಲೆ ನಿದ್ದೆ ಹೋಗಿತ್ತು. ನನ್ನ ಹೆಗಲ ಮೇಲೆ ಹೋಗುವುದಿಲ್ಲ.

ಜನವರಿ 15, ಬುಧವಾರ

ಮತ್ತೆ ಎರಡು ಲಾರಿ. ಹಿಂದಿನ ಗೋದಾಮು ತುಂಬಿ ಈಗ ಅಂಗಳದಲ್ಲಿ ನನ್ನ ಕೋಣೆಯ ಗೋಡೆಗೇ ಒಟ್ಟುತ್ತಿದ್ದಾರೆ. ಕಿಟಕಿಯ ಕೆಳಗಿನ ಗಾಜು ಮುಚ್ಚಿತು. ಎಳೆ ಹಾರಿ ಬರುತ್ತದೆಂದು ಮೇಲಿನದನ್ನೂ ಹಾಕಿಕೊಂಡಿರಬೇಕು. ನಿನ್ನೆ ಸಂಕ್ರಾಂತಿಗೆ ಎದುರು ಮನೆಯ ನೀಲಾ ಎಳ್ಳು ಬೆಲ್ಲ ಕೊಡಲು ಬಂದು, "ಏನಬೇ, ಹಗಲಾಗ ಲೈಟ್ ಹಚ್ಚಿ?" ಅಂದಳು.

ಜನವರಿ 22, ಬುಧವಾರ

ಇವತ್ತು ಜನ್ನತಬಿಯ ಜೊತೆ ಗುಲ್ನಾಜಳೂ ಬಂದಿದ್ದಳು, ಸಾಯಿಮಾಗೆ ಸಾಸಿವೆ ದಿಂಬಿನ ಅಳತೆ ತೆಗೆದುಕೊಳ್ಳಲು. ತಲೆ ಚಪ್ಪಟೆಯಾಗದಂತೆ ಕೂಸಿಗೆ ಸಾಸಿವೆ ತುಂಬಿದ ದಿಂಬೇ ಬೇಕಂತೆ. ಟೇಪನ್ನು ಕೂಸಿನ ತಲೆಗೆ ಸುತ್ತಿ, "ಭಾಭಿ, ಇಷ್ಟ್ ದೊಡ್ಡ ತಲಿ! ಬಿ.ಕಾಂ. ಏನ್, ಇದು ಎಂ.ಕಾಂ. ಮಾಡೂ ತಲಿ" ಅಂದಳು. ಬಹಳ ದಿನಕ್ಕೆ ನಕ್ಕೆ.

ಗುಲ್ನಾಜ ನನಗಿಂತ ಒಂದು ವರ್ಷ ಚಿಕ್ಕವಳು. ಮುಂಡರಗಿಯವಳು, ಪಿಯುಸಿವರೆಗೆ ಓದಿದವಳು. ಈ ಊರಲ್ಲಿ ನನ್ನನ್ನು ಹೆಸರು ಹಿಡಿದು ಮಾತಾಡಿಸುವ ಒಬ್ಬಳೇ ಒಬ್ಬಳು. ಬೇರೆಯವರ ಮುಂದೆ ಮಾತ್ರ ಭಾಭಿ. ಅವಳ ಮುಖ ಇವತ್ತು ಹೊಳೆಯುತ್ತಿತ್ತು. ಸಿಂಗಟಾಲೂರಿನ ಕಡೆ ಸಾಮೂಹಿಕ ಮದುವೆಯಂತೆ, ಪ್ರತಿ ಜೋಡಿಗೂ ಒಂದು ಹತ್ತಿ ಗಾದಿ, ಎರಡು ದಿಂಬು. ಪೂರ್ತಿ ಆರ್ಡರ್ ಶಾಹಬಾಜನಿಗೆ.

"ಮುಂದಿನ ವಾರ ನಮ್ಮ ಪಾಳಿ ಬರ್ತೈತಿ. ಹತ್ತಿ ಬಂದ ಕೂಡಲೇ ಸುರು. ಇದೊಂದು ಆತಂದ್ರ ಇನ್ನೊಂದು ಮಷೀನ್ ತರತೀವಿ ಕೈನಾತ. ನಾನ ನಡಸ್ತೀನಿ ಅದನ್ನ. ಅಂವ ಒಲ್ಲೆ ಅಂತಾನ, ಜಡಿ ಸಿಗತೈತಂತ! ನಾ ಜಡಿ ಕತ್ತರಸ್ತೀನಿ ಅಂದೆ."

ಹೇಳಬೇಕೆಂದು ಬಾಯಿ ತೆರೆದೆ. ಸಾಯಿಮಾ ಅತ್ತಳು. ಎತ್ತಿಕೊಂಡೆ. ಆಮೇಲೆ ಅವರು ಹೊರಟರು.

ಹೇಳಿದ್ದರೂ ಏನಾಗುತ್ತಿತ್ತು? ಕರಾರು ಕರಾರೇ.

ಜನವರಿ 28, ಮಂಗಳವಾರ

ನಿನ್ನೆ ಶಾಹಬಾಜ ಟೆಂಪೋ ತೆಗೆದುಕೊಂಡು ಜಿನ್ನಿನ ಗೇಟಿಗೆ ಹೋಗಿ ಬರಿಗೈಯಲ್ಲಿ ಬಂದನಂತೆ. ಈ ಹಂಗಾಮಿನಲ್ಲಿ ಯಾರ ಪಾಳಿಯೂ ನಡೆದೇ ಇಲ್ಲ ಅಂತ ಅವನಿಗೆ ತಿಳಿದದ್ದು ಅಲ್ಲಿ. ಮೊದಲ ಪಾಳಿಯವನು ಹುಷಾರಿಲ್ಲದೆ ಹುಬ್ಬಳ್ಳಿ ಆಸ್ಪತ್ರೆಯಲ್ಲಿದ್ದಾನೆ. ಎರಡನೆಯವನೂ ಮೂರನೆಯವನೂ ಹೋಗಿ ಕೇಳಿ, ನಾಚಿಕೆಯಿಂದ ಯಾರಿಗೂ ಹೇಳದೆ ಸುಮ್ಮನಾಗಿದ್ದಾರೆ. ಉಳಿದವರು ತಮ್ಮ ಪಾಳಿಯಲ್ಲವಲ್ಲ ಅಂತ ಆ ಕಡೆ ತಲೆಯನ್ನೂ ಹಾಕಿಲ್ಲ. "ಗೇಟಿಗೆ ಹೋಗೂದಿಲ್ಲ ಅವರು, ನನಗ ಗೊತ್ತಿತ್ತು. ಅದಕ್ಕ ಮೂರ್ ವಾರ ಸಿಕ್ತು" ಅಂತ ಇವರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು.

ಬೆಳಿಗ್ಗೆ ಜನ್ನತಬಿ ಬರುತ್ತಾಳೋ ಇಲ್ಲವೋ ಅಂದುಕೊಂಡಿದ್ದೆ. ಬಂದಳು. ಒಂದು ಮಾತಿಲ್ಲ. ಎಣ್ಣೆ ಹಚ್ಚಿದಳು, ಎರೆದಳು, ಮೂಗು ತಿದ್ದಿದಳು, ಹೊಗೆ ಹಾಕಿದಳು. ಕೂಸನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟು, ಕೈ ಒರೆಸಿಕೊಳ್ಳುತ್ತ ಕೇಳಿದಳು:

"ಮುಂಡರಗಿ ಹತ್ತಿ ಭಾಳ ಛಲೋ ಐತೇನವಾ?"

ನಾನು ಕೂಸಿಗೆ ಸುತ್ತಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಸುತ್ತಿದೆ.

"ನಾಳಿಂದ ನೀನ ಎರಿ. ಓದಿದಾಕಿ ಅದೀ, ಬರತೈತಿ."

ನನ್ನ ಮೇಲೆ ಯಾಕೆ? ನಾನೇನು ಮಾಡಿದೆ? ನಾವು ಕದ್ದಿಲ್ಲ, ತೂಕದಲ್ಲಿ ಮೋಸ ಮಾಡಿಲ್ಲ, ಕಲಬೆರಕೆ ಮಾಡಿಲ್ಲ. ಮಾರುವವನು ಮಾರಿದ, ನಾವು ಕೊಂಡೆವು. ಪಾಳಿಯವರು ಇಷ್ಟು ವರ್ಷದಲ್ಲಿ ಒಂದು ಸಾಲು ಕಾಗದದಲ್ಲಿ ಬರೆಸಿಕೊಂಡಿದ್ದರೆ ಇವತ್ತು ಹೀಗಾಗುತ್ತಿರಲಿಲ್ಲ. ಬಾಯಿಮಾತಿಗೆ ಎಷ್ಟು ದಿನ ಬೆಲೆ? ಪೇಟೆಯಲ್ಲಿ ಯಾರು ಯಾರಿಗೆ ಪಾಳಿ ಬಿಡುತ್ತಾರೆ? ದೊಡ್ಡ ದೊಡ್ಡ ಕಂಪನಿಗಳು ಇದನ್ನೇ ಮಾಡುತ್ತವೆ, ಅದನ್ನು ಜಾಣತನ ಅಂತ ನಮಗೆ ಕಾಲೇಜಿನಲ್ಲಿ ಪಾಠ ಮಾಡಿದರು, ಅಂಕವನ್ನೂ ಕೊಟ್ಟರು. ನಾವು ಮಾಡಿದರೆ ಮಾತ್ರ ಪಾಪವೇ? ನಮಗೂ ಒಂದು ಕೂಸಿದೆ.

ಇಷ್ಟು ಬರೆಯುವಷ್ಟರಲ್ಲಿ ಕೈ ನೋಯುತ್ತಿದೆ. ನಿದ್ದೆ ಹತ್ತಿರವೂ ಇಲ್ಲ.

ಜನವರಿ 31, ಶುಕ್ರವಾರ

ಎರೆದೆ. ಸೋಪಿನ ಕೈಯಲ್ಲಿ ಸಾಯಿಮಾ ಜಾರಿದಳು. ಬೀಳಲಿಲ್ಲ, ಹಿಡಿದೆ. ಆಮೇಲೆ ಬಚ್ಚಲಲ್ಲೇ ಕೂತು ಬಹಳ ಹೊತ್ತು ಅತ್ತೆ. ನೀರು ಆರಿ ತಣ್ಣಗಾಗಿತ್ತು.

ಗುಲ್ನಾಜಳಿಗೆ ಫೋನ್ ಮಾಡಿದೆ. ಹೋಗಲಿಲ್ಲ. ನನ್ನ ನಂಬರ್ ಬ್ಲಾಕ್ ಮಾಡಿದ್ದಾಳೆ.

ಫೆಬ್ರವರಿ 4, ಮಂಗಳವಾರ

ಇವತ್ತು ಒಳ್ಳೆಯ ದಿನ. ಬರೆದಿಡಬೇಕು.

ಶಾಹಬಾಜ ಎಲ್ಲ ಕಡೆ ಅಲೆದು ಸೋತಿದ್ದಾನಂತೆ. ಗದಗದ ಜಿನ್ನಿನವರು ಲಾರಿಗಟ್ಟಲೆ ಮಾರುತ್ತಾರೆ, ಇವನಿಗೆ ನಾಲ್ಕು ಅಂಡಿಗಿ ತೂಗಿ ಕೊಡಲು ಅವರಿಗೆ ಪುರುಸೊತ್ತಿಲ್ಲ. ಇವರು ಅವನ ಅಂಗಡಿ, ಮಷೀನು, ಆ ಮದುವೆ ಆರ್ಡರ್ ಎಲ್ಲ ಕೊಳ್ಳುತ್ತೇನೆ ಅಂತ ಹೇಳಿಕಳಿಸಿದ್ದಾರೆ. ಬೇಕಾದರೆ ನಮ್ಮ ಅಂಗಡಿಯಲ್ಲೇ ಅವನಿಗೆ ಕೆಲಸ. ಕೆಟ್ಟದ್ದೇನಲ್ಲ, ಯೋಚಿಸಿದರೆ. ಒಂದೇ ಚಿಂತೆ ಇವರಿಗೆ: "ಮಷೀನ್ ಮಾರಿ ರೊಕ್ಕಾ ತಗೊಂಡು ನಾಳೆ ಇನ್ನೊಂದು ಮಷೀನ್ ಹಾಕಿದ್ರ? ಧಂದೆ ಮಾಡಂಗಿಲ್ಲಂತ ಬರಸ್ಕೋಬೇಕು. ವಕೀಲ ಅಂತಾನ, ಹಂಗ ಬರಸ್ಕೊಂಡ್ರ ಕೋರ್ಟಿನಾಗ ನಿಲ್ಲೂದಿಲ್ಲಂತ."

ತಟ್ಟನೆ ನೆನಪಾಯಿತು. ವಾಣಿಜ್ಯ ಕಾನೂನಿನ ತರಗತಿ, ವಿದ್ಯಾಶ್ರೀ ಮೇಡಂ, ಕರಾರು ಕಾಯ್ದೆಯ ಇಪ್ಪತ್ತೇಳನೇ ಕಲಂ. ಯಾರನ್ನೂ ಅವರ ಕಸುಬು ಮಾಡದಂತೆ ಕಟ್ಟಿಹಾಕುವ ಕರಾರು ನಡೆಯುವುದಿಲ್ಲ. ಆದರೆ ಒಂದು ವಿನಾಯಿತಿ ಇದೆ.

"ಅಂಗಡಿ ಜೋಡಿ ಅದರ ಗುಡ್‌ವಿಲ್ ಖರೀದಿ ಮಾಡೀವಿ ಅಂತ ಬರೀರಿ. ಅಂದ್ರ ಅವರ ಹೆಸರು, ಗಿರಾಕಿ, ವಿಶ್ವಾಸ. ಅದನ್ನ ಮಾರಿದಾಂವ ಇಂಥಾ ಊರಾಗ ಇಷ್ಟ್ ವರ್ಷ ಅದೇ ಧಂದೆ ಮಾಡಂಗಿಲ್ಲಂತ ಬರೀಬಹುದು. ಅದು ನಡೀತೈತಿ."

ಇವರು ಅಲ್ಲೇ ವಕೀಲರಿಗೆ ಫೋನ್ ಮಾಡಿದರು. ಅವರು ಹೌದು ಅಂದರು. ಇವರು ಫೋನಿಟ್ಟು ನನ್ನನ್ನು ನೋಡಿದ ರೀತಿ! ಮದುವೆಯಾದಾಗಿನಿಂದ ಹಾಗೆ ನೋಡಿರಲಿಲ್ಲ. "ಲೇ, ಮನ್ಯಾಗ ವಕೀಲ್ತಿನ್ನ ಇಟ್ಕೊಂಡು ಊರೆಲ್ಲಾ ಫೀ ಕೊಡಾಕತ್ತಿದ್ನಲ್ಲೋ!" ಆಮೇಲೆ ಕೂಸನ್ನು ಎತ್ತಿಕೊಂಡು ಹೊರಗೆ ಹೋದರು. ನಾನು ಎರಡು ತಾಸು ಒಂದೇ ಸಮ ಮಲಗಿದೆ. ಬಾಣಂತಿ ಆದಮೇಲೆ ಮೊದಲ ಸಲ.

ಓದಿದ್ದು ಒಂದಾದರೂ ಉಪಯೋಗಕ್ಕೆ ಬಂತು.

ಫೆಬ್ರವರಿ 7, ಶುಕ್ರವಾರ

ಕರಾರಿನ ಕರಡು ನಾನೇ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದೆ. ಇವರು ಲಕ್ಷ್ಮೇಶ್ವರ, ಶಿರಹಟ್ಟಿ ಎರಡು ತಾಲೂಕು ಹೇಳಿದ್ದರು. ಬರೆದು ಓದಿದರೆ ಸಾಲು ಎಲ್ಲೋ ಕುಂಟಿದಂತೆ ಅನಿಸಿತು. ಮುಂಡರಗಿಯನ್ನೂ ಸೇರಿಸಿದೆ. 'ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ತಾಲೂಕುಗಳ ವ್ಯಾಪ್ತಿಯಲ್ಲಿ ಹತ್ತು ವರ್ಷಗಳ ಕಾಲ.' ಈಗ ಚೆನ್ನಾಗಿ ಕೂತಿತು. ಇವರೂ ಮೆಚ್ಚಿದರು.

ಕಿಟಕಿಯಲ್ಲಿ ಈಗ ಮೇಲೆ ಒಂದು ಗೇಣು ಬೆಳಕು.

ಫೆಬ್ರವರಿ 11, ಮಂಗಳವಾರ

ಮಾವ ಪಡಸಾಲೆಯಲ್ಲಿ ಒಬ್ಬರೇ ಕೂತು ರೊಟ್ಟಿ ತಿನ್ನುತ್ತಿದ್ದರು. ಇತ್ತೀಚೆಗೆ ಮಗ ಬರುವ ಮೊದಲೇ ಉಂಡು ಏಳುತ್ತಾರೆ. ವಯಸ್ಸಾಯಿತು, ಹಸಿವು ತಡೆಯುವುದಿಲ್ಲ ಅಂತ ನಾನು ಅಂದುಕೊಂಡಿದ್ದೆ. ಪಲ್ಯ ಬಡಿಸುತ್ತ ಕೇಳಿದೆ:

"ಅಬ್ಬಾ, ಕಾಯ್ದೆ ಪ್ರಕಾರ ಇದರಾಗ ತಪ್ಪೇನಿಲ್ಲಲ್ಲಾ?"

"ತಪ್ಪಂತ ಯಾರಂದ್ರವಾ? ನಾ ಅವನ ಜೋಡಿ ಕುಂತು ಉಣ್ಣೂದ ಬಿಟ್ಟೀನಿ. ಅದೂ ಕಾಯ್ದೆ ಪ್ರಕಾರ ತಪ್ಪಲ್ಲ."

ರೊಟ್ಟಿ ಮುರಿದರು, ಅಗಿದರು. ಹಲ್ಲು ಕಡಿಮೆ, ನಿಧಾನ.

"ನೀವರ ಹೇಳ್ರಿ ಅವರಿಗೆ."

"ಹೇಳೀನಿ. ಕೂಸಿನ ತಲಿ ಮ್ಯಾಲೆ ನನ್ನ ಕೈ ಇಡಿಸಿ ಆಣಿ ಮಾಡಿಸ್ಕೊಂಡಾನ, ಈ ಧಂದೇದ ಬಗ್ಗೆ ಜನ್ನತಬಿ ಮನ್ಯಾಗ ಒಂದ್ ಮಾತೂ ಆಡಬಾರದಂತ." ನೀರು ಕುಡಿದು ಮತ್ತೆ ಅವರೇ ಅಂದರು, "ಇರಲಿ. ಶಾಹಬಾಜ ಶುಕ್ರವಾರ ಶಿರಹಟ್ಟಿಯಾಗ ಸಹಿ ಮಾಡ್ತಾನಂತ. ಮಾಡಿ ಮುಂಡರಗಿಗೆ ಹೋಗ್ತಾನ. ಬೀಗರದು ಅಲ್ಲಿ ಒಂದು ಖೋಲಿ ಐತಿ, ಅಲ್ಲಿ ಜಿನ್ನೂ ಐತಿ. ಮಷೀನ್ ಹೋದ್ರೂ ಕೈ ಅದಾವ. ಆ ಹುಡುಗಿ ಗುಲ್ನಾಜ ಗಟ್ಟಿ ಐತಿ, ಬದುಕ್ತಾರ."

ಪಲ್ಯದ ಪಾತ್ರೆ ಹಿಡಿದುಕೊಂಡೇ ನಿಂತಿದ್ದೆ.

"ಏನವಾ?"

"ಏನಿಲ್ಲರಿ."

ರಾತ್ರಿ ಇವರಿಗೆ ಹೇಳಿದೆ, ಮುಂಡರಗಿ ತೆಗೆದುಬಿಡ್ರಿ, ಅದು ನಾ ಸುಮ್ಮನ ಸೇರಿಸಿದ್ದು.

"ಯಾಕ ತಗೀಬೇಕು? ಅದ ಮುಖ್ಯ. ನನಗ ಹೊಳದಿರಲಿಲ್ಲ, ನಿನಗ ಹೊಳೀತು. ಅಂವ ಮುಂಡರಗಿಯಾಗ ಕುಂತು ನನಗ ಎದುರಾಗೋಂವನ ಇದ್ದ." ಕೆನ್ನೆ ಹಿಂಡಿದರು. "ಸ್ಟಾಂಪ್ ಪೇಪರಿನ ಮ್ಯಾಲೆ ಪ್ರಿಂಟ್ ಆಗೇತಿ. ಅಂವ ಓದೂದೂ ಇಲ್ಲ, ಲಕ್ಷ್ಮೇಶ್ವರ ಅಂತ ನೋಡಿ ಹೆಬ್ಬೆಟ್ಟು ಒತ್ತಿದಂಗ ಸಹಿ ಒತ್ತತಾನ. ಮಲ್ಕೋ."

ಫೆಬ್ರವರಿ 12, ಬುಧವಾರ

ಕಿಟಕಿ ಪೂರ್ತಿ ಮುಚ್ಚಿತು. ಹಗಲೋ ರಾತ್ರಿಯೋ ಫೋನ್ ನೋಡಿಯೇ ತಿಳಿಯಬೇಕು. ಅದೂ ಸದ್ದಿಲ್ಲದೆ ಬಿದ್ದಿರುತ್ತದೆ. ಸಾಯಿಮಾ ಹುಟ್ಟಿದಂದಿನಿಂದ ಅದಕ್ಕೆ ದನಿಯಿಲ್ಲ.

ಫೆಬ್ರವರಿ 13, ಗುರುವಾರ, ಶಬ್-ಎ-ಬರಾತ್, ಜಾಗರಣೆಯ ರಾತ್ರಿ

ಇಶಾ ನಮಾಜಿಗೆ ಮುಂಚೆ ಹಲ್ವಾ ಮಾಡಿದೆ. ಮೊಹಸಿನ ಹುಬ್ಬಳ್ಳಿಯಲ್ಲಿದ್ದಾರೆ, ಫೋಮ್ ಕಂಪನಿಯವರ ಊಟವಂತೆ. ಬೆಳಿಗ್ಗೆ ಹತ್ತಕ್ಕೆ ಅಲ್ಲಿಂದ ನೇರ ಶಿರಹಟ್ಟಿಗೆ ಬರುತ್ತಾರೆ. ಓಣಿಯ ಮನೆಮನೆಗೆ ಕಳಿಸಲು ತಟ್ಟೆಗಳನ್ನು ತುಂಬಿದೆ. ತುಂಬಿ ನೋಡಿದರೆ ಒಂದು ತಟ್ಟೆ ಹೆಚ್ಚಿತ್ತು. ಕೈ ರೂಢಿಯಿಂದ ಜನ್ನತಬಿಯ ಮನೆಯದನ್ನೂ ತುಂಬಿಬಿಟ್ಟಿತ್ತು.

ಮಾವ ರಾತ್ರಿಯಿಡೀ ನಮಾಜಿಗೆ ಮಸೀದಿಗೆ ಹೊರಟು ಟೊಪ್ಪಿಗೆ ಹುಡುಕುತ್ತಿದ್ದರು. ಕೇಳಿದೆ, "ಅಬ್ಬಾ, ಅವರ ಮನಿ ಮುಂದ ಹೋಗ್ತೀರಿ. ಒಂದು ಮಾತು..."

"ಮಾತ ಒಯ್ಯೂದಿಲ್ಲವಾ. ಕೂಸಿನ ತಲಿ ಮ್ಯಾಲೆ ಕೈ ಇಟ್ಟೀನಿ." ಟೊಪ್ಪಿಗೆ ಸಿಕ್ಕಿತು, ಕೊಡವಿ ಹಾಕಿಕೊಂಡರು. ತಟ್ಟೆಗಳ ಕಡೆ ನೋಡಿದರು. "ತಾಟು ಒಯ್ಯೂದಿಲ್ಲಂತ ಹೇಳಿಲ್ಲ. ತಾಟಿನ ಮ್ಯಾಲೆ ಏನ್ ಮುಚ್ಚೀದಿ, ಕೆಳಗ ಏನ್ ಹಾಸೀದಿ, ನಾ ನೋಡಂಗಿಲ್ಲ."

ಅವರು ಬಾಗಿಲಲ್ಲಿ ಕಾಯುತ್ತಿದ್ದಾರೆ. ಅದಕ್ಕೇ ಇನ್ನು ನಿನಗೆ ಬರೆಯುತ್ತಿದ್ದೇನೆ, ಗುಲ್ನಾಜ.

ಈ ಹಾಳೆಗಳನ್ನು ಡೈರಿಯಿಂದ ಹರಿದು ಹಾಗೆಯೇ ಕಳಿಸುತ್ತಿದ್ದೇನೆ. ಬೇರೆ ಹಾಳೆಯಲ್ಲಿ ನಿನಗಂತ ಬರೆಯೋಣ ಅಂದುಕೊಂಡೆ. ಬರೆದರೆ ನಾನು ಮತ್ತೆ ಚೆಂದ ಮಾಡಿ ಬರೆಯುತ್ತೇನೆ, ಆ ಸಾಲನ್ನು ಚೆಂದ ಮಾಡಿದಂತೆ. ಇದರಲ್ಲಿ ನಿಮ್ಮತ್ತೆಗೆ ಹೇಳಿದ ಸುಳ್ಳಿದೆ. ನೀನು ಅಳತೆ ತೆಗೆಯಲು ಬಂದ ದಿನ ನಾನು ಬಾಯಿ ತೆರೆದು ಮುಚ್ಚಿದ್ದಿದೆ. 'ಇವತ್ತು ಒಳ್ಳೆಯ ದಿನ' ಅಂತ ಬರೆದದ್ದೂ ಇದೆ. ಬೈಯುವುದಿದ್ದರೆ ಬೈ, ಆದರೆ ಮೊದಲು ಇದನ್ನು ಓದು: ನಾಳೆ ಸಹಿ ಮಾಡುವ ಕಾಗದದ ಎರಡನೇ ಪುಟದಲ್ಲಿ ಮುಂಡರಗಿ ಇದೆ. ಶಾಹಬಾಜ ಸಹಿ ಮಾಡಿದರೆ ನಿನ್ನ ತವರಿನ ಆ ಖೋಲಿಯಲ್ಲೂ ಹತ್ತು ವರ್ಷ ಒಂದು ದಿಂಬು ತುಂಬುವ ಹಾಗಿಲ್ಲ. ಕೋರ್ಟಿನಲ್ಲಿ ಅದು ನಿಲ್ಲುತ್ತದೆ. ನಿಲ್ಲುವ ಹಾಗೆ ಬರೆದವಳು ನಾನು.

ಇನ್ನೊಂದು. ಅಂಗಳದ ಹತ್ತಿ ನನ್ನ ಫರ್ಮಿನದು. ನನ್ನ ಹೆಸರು, ನನ್ನ ಸಹಿ, ನನ್ನ ಬಿಲ್ ಪುಸ್ತಕ. ಅದನ್ನು ಇಡಬೇಕೆಂದು ಇವರು ಹೇಳಿದ್ದಾರೆ, ಮಾರಬಾರದೆಂದು ಯಾವ ಕಾಗದದಲ್ಲೂ ಇಲ್ಲ. ಇವತ್ತು ಮೂರು ಸಲ ಓದಿ ನೋಡಿದೆ. ನಿಮ್ಮ ಪಾಳಿಯ ಹತ್ತಿಯನ್ನು ನಾನು ಜಿನ್ನಿನ ರೇಟಿಗೇ ಬಿಲ್ ಮಾಡಿ ಕೊಡಬಹುದು. ನಿಮ್ಮದಾದ ಮೇಲೆ ಉಳಿದವರ ಪಾಳಿಯದೂ. ಗೋದಾಮಿನ ಕೀಲಿ ಇವರ ಹತ್ತಿರ ಇದೆ. ನನ್ನ ಕಿಟಕಿಗೆ ಒಟ್ಟಿದ್ದಕ್ಕೆ ಕೀಲಿಯಿಲ್ಲ. ಆ ಮದುವೆ ಗಾದಿಗಳಿಗೆ ಅಷ್ಟು ಸಾಲದೇ?

ಇವರು ಬಂದಮೇಲೆ ನನಗೇನಾಗುತ್ತದೆ ಅಂತ ಯೋಚಿಸಿಲ್ಲ. ಯೋಚಿಸಿದರೆ ಈ ಹಾಳೆಯನ್ನು ಇಲ್ಲೇ ನಿಲ್ಲಿಸಿಬಿಡುತ್ತೇನೆ. ಇವರು ಕೆಟ್ಟವರಲ್ಲ ಗುಲ್ನಾಜ, ಕೂಸು ಅವರ ಹೆಗಲ ಮೇಲೆ ಮಾತ್ರ ಮಲಗುತ್ತದೆ. ಅದೇ ನನಗೆ ದೊಡ್ಡ ಕಷ್ಟ.

ನಿನ್ನ ನಂಬರಿಗೆ ಈಗಲೂ ಮಾಡಿ ನೋಡಿದೆ, ಹೋಗುವುದಿಲ್ಲ. ನೀನೇ ಮಾಡಬೇಕು. ನೀನು ಇಷ್ಟು ಓದಿದ್ದು ನನಗೆ ತಿಳಿಯಬೇಕು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ನಿನ್ನ ಫೋನ್ ಬರದಿದ್ದರೆ ಬೆಳಿಗ್ಗೆ ಅಂಗಳದ ಗೇಟು ತೆರೆಯಲು ನನ್ನ ಕೈ ಏಳುವುದಿಲ್ಲ. ಕೂಸು ಅತ್ತಿತು, ಹಾಲು ಕೊಡಬೇಕಾಗಿತ್ತು, ಕರಾರು ಕರಾರೇ ಅಂತ ಏನೋ ಒಂದು ಬರೆದುಕೊಂಡು ಇಲ್ಲೇ ಬಿದ್ದಿರುತ್ತೇನೆ. ನನ್ನ ಗುಣ ನನಗೆ ಈ ಹಾಳೆಗಳಿಂದಲೇ ತಿಳಿಯಿತು.

ಇವತ್ತು ಬರಾತು, ಓಣಿಯಲ್ಲಿ ಯಾರೂ ಮಲಗುವುದಿಲ್ಲ. ನೀನೂ ಎದ್ದಿರುತ್ತೀ. ಮಾತಾಡುವ ಮನಸ್ಸಿಲ್ಲದಿದ್ದರೆ ಬೇಡ, ಒಂದು ರಿಂಗ್ ಕೊಟ್ಟು ಇಟ್ಟುಬಿಡು. ಗೇಟು ತೆರೆಯುತ್ತೇನೆ, ಟೆಂಪೋ ಕಳಿಸು. ಫೋನಿಗೆ ದನಿ ಹಾಕಿ, ಪೂರ್ತಿ ದೊಡ್ಡದು ಮಾಡಿ, ಕೂಸಿನ ತಲೆಯ ಹತ್ತಿರವೇ ಇಟ್ಟುಕೊಂಡಿದ್ದೇನೆ. ಎದ್ದು ಅತ್ತರೆ ಅಳಲಿ. ಮಾಡು ಗುಲ್ನಾಜ. ಬೆಳಕು ಹರಿಯೂದ್ರೊಳಗ ಮಾಡು. ಹರಿದದ್ದು ನನಗಿಲ್ಲಿ ಕಾಣಿಸುವುದಿಲ್ಲ.